ರಂಗೂನಕ್ಕ ಹೊತ್ತೊಯ್ದ ತಾಲೀಮಿನ ಮಣ್ಣು

ಹುಬ್ಬಳ್ಳಿ

ರಂಗೂನಕ್ಕ ಹೋಗಿ ಬಂದವರು ಕೆಂಪು ಹರಳಿನ ಉಂಗುರಾ ತರ್ತಾರಂತ, ಸಾಗವಾನಿ ಪೆಟಗಿ ತರ್ತಾರಂತ, ರೇಶಿಮಿ ಛತ್ರಿ ತರ್ತಾರಂತ. ನಾ ಬಂದು ಎಂಟು ದಿನಾ ಆತು. ಧಾರವಾಡದಾಗ ನಮ್ಮ ಮಾಳಮಡ್ಡಿಯ ಅರ್ಧ ಮಂದಿ ನಮ್ಮ ಮನಿ ಕಟ್ಟಿ ಹತ್ತಿ ಇಳದಾರ. "ಮಾಸ್ತರ, ಏನ ತಂದ್ರಿ? ತೋರಸ್ರಿ ಒಂದೀಟು" ಅಂತಾರ. ಏನೂ ತಂದಿಲ್ಲ. ಇಲ್ಲಿಂದ ಒಯ್ದದ್ದನ್ನೂ ಅಲ್ಲೇ ಬಿಟ್ಟು ಬಂದೇನಿ. ಬಂದವರಿಗೆಲ್ಲಾ ಒಂದ ಕಥಿ ಮತ್ತ ಮತ್ತ ಹೇಳೂ ತಾಳ್ಮಿ ನನಗ ಮೊದಲಿಂದನೂ ಇಲ್ಲ. ಅದಕ್ಕ ಬರದು ಇಡ್ತೇನಿ, ಓದೋರು ಓದ್ಲಿ.

ನಾನು ಧಾರವಾಡದ ಒಂದು ಸಾಲ್ಯಾಗ ಡ್ರಿಲ್ ಮಾಸ್ತರ. ಹುಡುಗರಿಗೆ "ಎದಿ ಮುಂದ, ಹೊಟ್ಟಿ ಒಳಗ" ಅಂತ ಒದರೂದು ನನ್ನ ಕೆಲಸ. ನನ್ನ ಹೊಟ್ಟಿ ಮಾತ್ರ ಹದಿಮೂರು ವರ್ಷದಿಂದ ಹೊರಗ ಐತಿ. ಅದಕ್ಕೂ ಮೊದಲು ನಾನು ಹುಬ್ಬಳ್ಳ್ಯಾಗ ಪೈಲವಾನ ಇದ್ದೆ. ದುರ್ಗದಬೈಲಿನ ಹಿಂದಿನ ಓಣ್ಯಾಗ ಕುಸ್ತಿ ಕಲಸೂ ದಾವಲಸಾಬ ವಸ್ತಾದರ ಗರಡಿ ಐತಿ, ತಾಲೀಮು ಅಂತೀವಿ ನಾವು, ಅಲ್ಲೇ ಬೆಳದವ ನಾನು. ತಾಲೀಮಿನ್ಯಾಗ ಪ್ರತಿಯೊಬ್ಬಗೂ ಒಬ್ಬ ಜೋಡಿ ಇರ್ತಾನ. ವಯಸ್ಸು, ತೂಕ, ಎತ್ತರ ನೋಡಿ ವಸ್ತಾದರ ಜೋಡಿ ಹಾಕ್ತಾರ. ದಿನಾ ಅವನ ಜೋಡಿನ ಕುಸ್ತಿ ಹಿಡೀಬೇಕು, ಅವನ ಕೈಲೆನ ಬೀಳಬೇಕು, ಅವನ ಬೆನ್ನಿಗೆನ ಎಣ್ಣಿ ತಿಕ್ಕಬೇಕು. ನನ್ನ ಜೋಡಿ ಫಕ್ಕೀರಪ್ಪ. ರೇಲ್ವೆ ಕಾರಖಾನ್ಯಾಗ ಫಿಟ್ಟರ ಕೆಲಸಾ ಮಾಡ್ತಿದ್ದ. ಒಂಬತ್ತು ವರ್ಷ ನಾವು ಒಬ್ಬರ ಬೆವರು ಒಬ್ಬರು ಒರಸೇವಿ.

ಕುಸ್ತಿಗೆ ಒಂದು ರೀತಿ ಐತಿ. ಕಣಕ್ಕ ಇಳದ ಇಬ್ಬರೂ ಬಗ್ಗಿ ಚಿಟಿಗಿ ಮಣ್ಣು ತಗೊಂಡು ಹಣಿಗೆ ಹಚ್ಚಿಕೋತಾರ, ಆಮ್ಯಾಲ ಕೈಗೆ ಕೈ ಕೊಡ್ತಾರ. ಅದು ಸಲಾಮಿ. ಕೈ ಕೂಡಿದ ಮ್ಯಾಲನ ಕುಸ್ತಿ ಸುರು. ಹದಿಮೂರು ವರ್ಷದ ಹಿಂದ ಮೀರಜದ ದೊಡ್ಡ ಕುಸ್ತಿಗೆ ನಮ್ಮಿಬ್ಬರಾಗ ಒಬ್ಬನ್ನ ಕಳಸಬೇಕಂತ ವಸ್ತಾದರು ನಮ್ಮಿಬ್ಬರ ನಡುವ ಕುಸ್ತಿ ಹಿಡಿಸಿದ್ರು. ಫಕ್ಕೀರಪ್ಪ ಮಣ್ಣಿಗೆ ಬಗ್ಗಿದ್ದ. ನಾ ನುಗ್ಗಿದೆ. ಅವನ ಬಲಗೈ ಮೈ ಕೆಳಗ ಸಿಕ್ಕು ಹೆಗಲಿನ ಕೀಲು ಹೋತು. ಅವ ಕೈ ಕೊಟ್ಟ ಅಂತ ತಿಳದು ನುಗ್ಗಿದೆ ಅಂತ ನಾ ಹೇಳಿದೆ. ಹೌದು, ಕೈ ಕೊಟ್ಟಿದ್ದೆ ಅಂತ ಅವನೂ ಆಸ್ಪತ್ರ್ಯಾಗ ಎಲ್ಲಾರ ಮುಂದ ಹೇಳಿದ. ಕೈ ಮಾತ್ರ ಮತ್ತ ಮ್ಯಾಲ ಏಳಲಿಲ್ಲ. ಸುತಿಗಿ ಹಿಡಿಯಾಕ ಬರದ ಫಿಟ್ಟರನ್ನ ಯಾರು ಇಟ್ಟುಕೋತಾರ? ಒಂದು ವರ್ಷದಾಗ ಸೋದರಮಾವನ ಬೆನ್ನು ಹತ್ತಿ ರಂಗೂನಕ್ಕ ಹೋದ. ನಾ ಮೀರಜಕ್ಕೂ ಹೋಗಲಿಲ್ಲ, ತಾಲೀಮಿಗೂ ಹೋಗಲಿಲ್ಲ. ಧಾರವಾಡದಾಗ ನೌಕರಿ ಹಿಡದೆ.

ಬಿಟ್ಟೆ ಅಂದ್ರ ಬಿಟ್ಟಂಗಾತೇನು? ಹದಿಮೂರು ವರ್ಷ ದಿನಾ ನಸುಕಿನ್ಯಾಗ ಎಚ್ಚರ ಆಗೂದು, ಎದ್ದು ಕೂಡೂದು, ಎಲ್ಲಿಗೂ ಹೋಗೂದಿಲ್ಲ ಅಂತ ನೆನಪಾಗಿ ಮತ್ತ ಮಲಗೂದು. ಮನಿಯಾಕಿ ಬೈದು ಬೈದು ಸುಮ್ಮನಾದಳು. ಈ ವರ್ಷ ಸಂಕ್ರಾಂತಿ ಮುಂದ ತಡೀಲಿಕ್ಕೆ ಆಗಲಿಲ್ಲ. ಸಾಯೂದ್ರಾಗ ಒಮ್ಮೆರ ಆ ಮಣ್ಣಾಗ ಬೀಳಬೇಕು ಅನಸ್ತು. ಹುಬ್ಬಳ್ಳಿಗೆ ಹೋಗಿ ವಸ್ತಾದರ ಕಾಲ ಮುಟ್ಟಿದೆ.

"ತಿರುಗಿ ಇಳೀಬೇಕಂತ ಮಾಡೇನ್ರಿ" ಅಂದೆ.

ಮುದುಕ ಗೋಡಿಗೆ ಆನಿಸಿ ಕೂತಿದ್ರು. "ನಮ್ಮ ತಾಲೀಮಿನ ರೀತಿ ಗೊತ್ತೈತಲ್ಲಾ? ಬಿಟ್ಟು ಹೋದವ ತಿರುಗಿ ಇಳೀಬೇಕಾದ್ರ ಜೋಡಿ ಬಂದು ಎರಡೂ ಕೈಲೆ ಎರಡೂ ಹೆಗಲಿಗೆ ಮಣ್ಣು ಹಚ್ಚಬೇಕು."

"ಜೋಡಿ ರಂಗೂನದಾಗ ಅದಾನ್ರಿ."

"ಹಂಗಾರ ರಂಗೂನಕ್ಕ ಹೋಗು."

ನಾ ನಕ್ಕೆ. ಅವರು ನಗಲಿಲ್ಲ. ತಾವ ಎದ್ದು ಕಣಕ್ಕ ಇಳದು, ಅಂಗೈ ಅಗಲದ ಖಾದಿ ಚೀಲದಾಗ ಮಣ್ಣು ತುಂಬಿ ಕೊಟ್ಟರು. ಮಜ್ಜಿಗಿ, ಎಣ್ಣಿ, ಅರಿಷಿಣ, ಕರ್ಪೂರ ಕೂಡಿಸಿ ವರ್ಷಗಟ್ಟಲೆ ಹದಾ ಮಾಡಿದ ಕೆಂಪು ಮಣ್ಣು. "ಇದ ಹಚ್ಚಬೇಕು, ಬ್ಯಾರೇದು ನಡ್ಯಾಂಗಿಲ್ಲ" ಅಂದ್ರು. ನಾ ಆ ಚೀಲಾ ಮೂಗಿಗೆ ಹಿಡದೆ, ಅಳೂ ಬಂತು. ದುರ್ಗದಬೈಲಿನ ಸಂತ್ಯಾಗ ತಾಸುಗಟ್ಟಲೆ ಸುಮ್ಮನ ತಿರಗಾಡಿ ಧಾರವಾಡ ಗಾಡಿ ಹಿಡದೆ.

ಮದ್ರಾಸ ಧಕ್ಕಿ

ರಂಗೂನು ಇರೂ ಬ್ರಹ್ಮದೇಶ ಹಿಂದೂಸ್ಥಾನದಿಂದ ಬ್ಯಾರೆ ಆಗಿ ವರ್ಷ ಆಗಿತ್ತು. ನಿನ್ನೆ ಮೊನ್ನೆ ತನಕ ಅದೂ ನಮ್ಮ ರಾಜ್ಯದ ಒಂದು ಮೂಲಿ, ಈಗ ಪರದೇಶ. ಬ್ಯಾಸಗಿ ಸೂಟಿ ಬಿದ್ದ ಕೂಡಲೆ ನಾ ಹೊಂಟೆ. ಗುಂತಕಲ್ಲಿನ್ಯಾಗ ಗಾಡಿ ಬದಲಿಸಿ, ಮದ್ರಾಸ ಮುಟ್ಟಿ, ಹಡಗು ಹತ್ತೂ ಧಕ್ಕಿಗೆ ಹೋದ್ರ ಅಲ್ಲೇ ನಮ್ಮ ಜಾತ್ರಿ ದನದಂಗ ಮಂದೀನ ಸಾಲು ಹಚ್ಚಿ ಸಿಡುಬು ಬರಬಾರದಂತ ತೋಳಿಗೆ ದೇವಿ ಹಾಕೂ ಕೆಲಸ ನಡದಿತ್ತು. ಡಾಕ್ಟರು ನನ್ನ ತೋಳು ಹಿಡದು ನೋಡಿದ.

"ಪೈಲವಾನೇನ್ರಿ?" ಅಂತ ಹಿಂದೂಸ್ತಾನ್ಯಾಗ ಕೇಳಿದ.

"ಇದ್ದೆ" ಅಂದೆ.

"ಈಗ ಬರೇ ಕೊಬ್ಬು" ಅಂತ ಸೂಜಿ ಚುಚ್ಚಿದ. ಖರೇ ಮಾತಿಗೆ ಸಿಟ್ಟು ಬರ್ತೈತಿ, ನನಗೂ ಬಂತು. ಆದ್ರ ಸಾಲು ಮುಂದ ಸರೀತು.

ಚೀಲಾ ಬಿಚ್ಚಿಸಿ ನೋಡಿದವ ಒಬ್ಬ ಗುಮಾಸ್ತ. ಬೆರಳು ಹಾಕಿ ಕಲಕಿದ, ಮೂಸಿದ, ಇದೇನು ಅಂದ. ಮಣ್ಣು ಅಂದೆ. ಯಾವ ದೇವರದು ಅಂದ. ದಾವಲಸಾಬರದು ಅಂದೆ. ಅವ ಕೈ ಮುಗದು ಚೀಲಾ ತಿರುಗಿ ಕೊಟ್ಟ. ನಮ್ಮ ವಸ್ತಾದರು ಇನ್ನೂ ಜೀವಂತ ಅದಾರ, ಜರ್ದಾ ಪಾನ ತಿಂತಾರ ಅಂತ ತಿಳಿಸಿ ಹೇಳೂ ಗೋಜಿಗೆ ನಾ ಹೋಗಲಿಲ್ಲ.

ಹಡಗು

ಸಮುದ್ರ ನೋಡಿದವರು ಛಂದ ಅಂತಾರ. ನನಗ ಅದು ಒಂದ ಸವನೆ ಏಳೂದು, ಬೀಳೂದು. ಡೆಕ್ಕಿನ ಮ್ಯಾಲ ಚಾಪಿ ಹಾಸಿ ಮಲಗಿದ ನೂರಾರು ಮಂದಿಯೊಳಗ ಒಬ್ಬನ ಮೈಯಾಗೂ ನೆಟ್ಟಗ ಜೀವ ಇರಲಿಲ್ಲ. ಮೊದಲನೇ ದಿನಾನ ಹೊಟ್ಟಿ ತೊಳಿಸಿ ವಾಂತಿ. ನಾ ನಾಕು ಸೇರು ಹಾಲು ಕುಡದು ಬೈಠಕ್ ಹೊಡೀತಿದ್ದ ಮನಷ್ಯಾ, ಒಂದು ತುತ್ತು ಅವಲಕ್ಕಿ ಹೊಟ್ಟ್ಯಾಗ ನಿಲ್ಲವಲ್ದು.

ಆಗ ತಲಿಗೆ ಇಟ್ಟುಕೊಂಡಿದ್ದ ಚೀಲದ ವಾಸನಿ ಮೂಗಿಗೆ ಬಡೀತು. ಕರ್ಪೂರ, ಅರಿಷಿಣ, ಹಳೀ ಮಜ್ಜಿಗಿ. ಮೂಗಿಗೆ ಹಿಡದು ಮಲಗಿದೆ, ವಾಕರಿಕಿ ಇಳೀತು. ಇದನ್ನ ಪಕ್ಕದ ಚಾಪಿಯ ತಮಿಳು ಮುದುಕಿ ನೋಡಿದಳು. ಆಕಿ ಮಗಳು ಬಸರಿ, ಗಂಡನ ಕಡೆ ಹೊಂಟಾಕಿ, ಹಡಗು ಹತ್ತಿದಾಗಿಂದ ನೀರೂ ಇಳದಿರಲಿಲ್ಲ. ಮುದುಕಿ ಕೈ ಚಾಚಿದಳು. ಕೊಡೂದಿಲ್ಲ ಅಂದೆ, ಇದು ಸುಮ್ಮನ ಮಣ್ಣಲ್ಲ, ಎಲ್ಲಾರೂ ಮುಟ್ಟೂದಲ್ಲ ಅಂತ ಕನ್ನಡದಾಗ ಜೋರಿಲೆನ ಹೇಳಿದೆ. ಆಕಿಗೆ ಒಂದಕ್ಷರ ತಿಳೀಲಿಲ್ಲ, ಚಾಚಿದ ಕೈ ಹಿಂದ ತಗೀಲೂ ಇಲ್ಲ. ಕಡೀಕ ಚೀಲಾ ಬಿಚ್ಚದನ ಆ ಹುಡುಗಿ ಮೂಗಿಗೆ ಹಿಡದೆ. ಆಕಿ ಕಣ್ಣು ಮುಚ್ಚಿ ಉಸರಾಡಿಸಿದಳು. ಮುಂದಿನ ಎರಡು ದಿನಾ ನನಗ ಬ್ಯಾರೆ ಕೆಲಸನ ಇರಲಿಲ್ಲ. ತೆಲಗರು, ಒಡಿಯಾದವರು, ಒಬ್ಬ ಚೆಟ್ಟಿ, ಎಲ್ಲಾರೂ ಬಂದು ಮೂಸಿ ಹೋಗ್ತಿದ್ರು. ಚೀಲದ ಗಂಟು ಮಾತ್ರ ನಾ ಬಿಚ್ಚಲಿಲ್ಲ.

ನಾಲ್ಕನೇ ದಿನಾ ಸಮುದ್ರದ ನೀರು ಹಾಲು ಕಡಿಮಿ ಹಾಕಿದ ಚಹಾದ ಬಣ್ಣಕ್ಕ ತಿರುಗಿತು. ನದೀ ಬಾಯಿ ಬಂತು ಅಂದ್ರು. ದೂರದಾಗ ಗಿಡಗಳ ಮ್ಯಾಲ ಒಂದು ಬಂಗಾರದ ಗೋಪುರ ಕಾಣಸ್ತು. ಎಲ್ಲಾರೂ ಎದ್ದು ನಿಂತ್ರು, ನಾನೂ ನಿಂತೆ. ಆದ್ರ ನನ್ನ ತಲ್ಯಾಗ ಒಂದ ವಿಚಾರ: ಫಕ್ಕೀರಪ್ಪ ನನ್ನ ಮೋತಿ ನೋಡಿ ಒಳಗ ಕರದಾನೋ ಇಲ್ಲೋ.

ರಂಗೂನು

ಧಕ್ಕಿಯಿಂದ ಹೊರಗ ಬಿದ್ದು ರಿಕ್ಷಾ ಹಿಡದೆ. ಎಳಿಯಾಂವ ತೆಲಗು ಮನಷ್ಯಾ. ನೂರು ಮಾರು ಹೋಗಿರಲಿಲ್ಲ, ಓಣೀ ಬಾಯಾಗ ನಿಂತಿದ್ದ ಹೆಣ್ಣಮಕ್ಕಳ ಹಿಂಡು ಒಂದು ಹಂಡೆ ನೀರು ನನ್ನ ಮ್ಯಾಲ ಸುರುವಿತು. ಅವರ ಹೊಸಾ ವರ್ಷದ ಹಬ್ಬಂತ. ಹಬ್ಬ ಮುಗಿಯೂ ತನಕ ಕಂಡ ಕಂಡವರ ಮ್ಯಾಲ ನೀರು ಹಾಕೂದ ಪುಣ್ಯಾ. ನಮ್ಮ ಹುಬ್ಬಳ್ಳಿ ರಂಗಪಂಚಮ್ಯಾಗ ಬಣ್ಣಾ ಒಗದು ಓಡಿ ಹೋಗ್ತಾರ; ಇವರು ನೀರು ಹಾಕಿ, ನಿಂತು, ನಕ್ಕು, ಮತ್ತ ಹಾಕ್ತಾರ.

ನಾ ಸಿಟ್ಟಿಲೆ ಜಿಗದು ಇಳದೆ. ತೊಡೀ ಮ್ಯಾಲ ಇದ್ದ ಚೀಲಾ ಪೂರಾ ತೊಯ್ದು, ಅದರಿಂದ ಕೆಂಪು ನೀರು ಸೋರಿ ನನ್ನ ಬಿಳೀ ಧೋತರದ ಮ್ಯಾಲ ಹರದಿತ್ತು. ಹುಡಿಗ್ಯಾರು ಅದನ್ನ ನೋಡಿ ಗಪ್ಪಾದ್ರು. ರಗತ ಅಂತ ತಿಳದ್ರು. ಒಬ್ಬಾಕಿ ಓಡಿ ಹೋಗಿ ಅರಿವಿ ತಂದು ನನ್ನ ಹೊಟ್ಟಿಗೆ ಒತ್ತಿ ಹಿಡದಳು. ಇನ್ನೊಬ್ಬಾಕಿ ಅಳಾಕನ ಸುರು ಮಾಡಿದಳು. ಇದು ಮಣ್ಣು, ಮಣ್ಣು ಅಂತ ಅಂಗೈಯಾಗ ಇಟ್ಟು ತೋರಿಸಿದೆ. ಅವರಿಗೆ ಸಮಾಧಾನ ಆತು. ನನಗ ಆಗಲಿಲ್ಲ. ಅಷ್ಟು ದೂರದಿಂದ ತಂದದ್ದು ಗಟಾರಕ್ಕ ಹರದು ಹೋಗಾಕತ್ತಿತ್ತು. ಚೀಲಾ ಎರಡೂ ಕೈಲೆ ಅಮುಕಿ ಹಿಡದು ಮತ್ತ ರಿಕ್ಷಾದಾಗ ಕೂತೆ.

ಫಕ್ಕೀರಪ್ಪ ನದೀ ದಂಡ್ಯಾಗಿನ ಒಂದು ಅಕ್ಕಿ ಗಿರಣಿಯ ಬಾಗಲಾ ಕಾಯ್ತಾನ ಅಂತ ಹುಬ್ಬಳ್ಳ್ಯಾಗಿರೂ ಅವನ ತಂಗಿ ವಿಳಾಸ ಕೊಟ್ಟಿದ್ದಳು. ಗಿರಣಿ ಬಾಗಲಾಗ ಕುರ್ಚಿ ಹಾಕಿಕೊಂಡು ಕೂತವ ಅವನ. ತಲಿ ಬೆಳ್ಳಗಾಗಿತ್ತು, ಬರ್ಮಿ ಲುಂಗಿ ಸುತ್ತಿದ್ದ. ನನ್ನ ನೋಡಿದ. ಎದ್ದ. ಪೈಲವಾನರು ಭೆಟ್ಟಿ ಆದ್ರ ಕುತಿಗಿ ಇಲ್ಲಾ ಹೆಗಲು ಹಿಡದು ಜಗ್ಗೂದು ರೂಢಿ. ನನ್ನ ಕೈ ತಾನ ಹೋಗಿ ಅವನ ಬಲಗಡೆ ಹೆಗಲು ಹಿಡದು ಜಗ್ಗಿತು. ಅವ ಹಲ್ಲು ಕಚ್ಚಿದ. ನಾ ಬೆಂಕಿ ಮುಟ್ಟಿದಂಗ ಕೈ ತಗದೆ.

"ಇರಲಿ ಬಿಡೋ" ಅಂದ. "ಯಾವಾಗ ಬಂದಿ? ಹೊಟ್ಟಿ ಏನಿದು, ಅದಕ್ಕೊಂದು ಬ್ಯಾರೆ ಹೆಸರಿಟ್ಟು ಕರೀಬೇಕು, ಹಂಗ ಬೆಳಸೀದಿ."

ಅಲ್ಲೇ ನೆಲದ ಮ್ಯಾಲ ಕೂತೆ. ಬಂದ ಕೆಲಸ ಹೇಳಿದೆ. ಅವ ತೊಯ್ದ ಚೀಲಾ ಎಡಗೈಲೆ ಇಸಗೊಂಡು ಮೂಸಿ ನೋಡಿದ. "ವಸ್ತಾದರು ಇನ್ನೂ ಕರ್ಪೂರ ಹೆಚ್ಚಿಗೆ ಹಾಕ್ತಾರ" ಅಂದ. ಆಮ್ಯಾಲ, "ಹಚ್ಚತೇನಿ. ಹಸೀ ಮಣ್ಣು ಹಚ್ಚಬಾರದು. ಒಣಗಲಿ. ಒಣಗೂ ತನಕ ನೀ ದಂಡಾ ಹೊಡಿ" ಅಂದ.

ಗಿರಣಿ ಹಿತ್ತಲದ ಅಖಾಡ

ಅವನ ಮನಿ ಕಟಗಿ ಕಾಲಿನ ಮ್ಯಾಲ ನಿಂತದ್ದು, ಕೆಳಗ ಕೋಳಿ, ಮ್ಯಾಲ ಮಂದಿ. ಮನ್ಯಾಗ ಅವನ ಹೆಂಡತಿ ಮಾ ಸೇನ್, ಅಲ್ಲಿಯಾಕಿನ. ಮೋತಿಗೆ ಹಳದೀ ಗಂಧ ಬಳಕೊಂಡು, ಉದ್ದಾನ ಚುಟ್ಟಾ ಸೇದಕೋತ, ಹುಬ್ಬಳ್ಳಿ ಕನ್ನಡ ಮಾತಾಡ್ತಾಳ. ಮೊದಲು ಕೇಳಿದಾಗ ನಾ ತಬ್ಬಿಬ್ಬಾದೆ. "ಬರ್ರಿ, ಕುಂದರ್ರಿ, ನೀರ ಕುಡೀರಿ" ಅಂದಳು. ಗಂಡನ ತಲಿ ಎರಿಯೂದು, ರುಮಾಲು ಸುತ್ತೂದು, ಅಂಗಿ ತೋಳು ಏರಿಸೂದು ಎಲ್ಲಾ ಆಕೀನ. ಜೋಳ ಸಿಗೂದಿಲ್ಲಂತ ಅಕ್ಕಿ ಹಿಟ್ಟಿನ ರೊಟ್ಟಿ ಬಡೀತಾಳ. ಅವರ ಕೊಳತ ಮೀನಿನ ಚಟ್ನಿ ಡಬ್ಬಿ ಮಾತ್ರ ನಾ ಇರೂ ತನಕ ಹಿತ್ತಲಕ್ಕ ಇಟ್ಟಳು, ನನ್ನ ಮೂಗಿನ ಪರಿಸ್ಥಿತಿ ಆಕಿಗೆ ತಿಳದಿತ್ತು.

ಎರಡನೇ ದಿನಾ ರೊಟ್ಟಿ ಬಡಕೋತ ಕೇಳಿದಳು: "ಇವರ ಕೈ ಮುರದವರು ನೀವ ಏನ್ರಿ?"

ಧ್ವನ್ಯಾಗ ಕುತ್ಸಿತ ಇರಲಿಲ್ಲ. ಊರು ಯಾವುದು ಅಂತ ಕೇಳಿದಂಗ ಕೇಳಿದಳು.

"ಹೂಂ. ಅಕಸ್ಮಾತ್ ಆತು" ಅಂದೆ.

"ಇವರೂ ಹಂಗ ಅಂತಾರ" ಅಂತ ರೊಟ್ಟಿ ತಿರುವಿ ಹಾಕಿದಳು.

ಗಿರಣಿ ಹಿತ್ತಲದಾಗ ಒಂದು ಅಖಾಡ. ಉತ್ತರ ಹಿಂದೂಸ್ಥಾನದ ಪೂರಬ ಸೀಮಿಯಿಂದ ಬಂದ, ಬಾಗಲಾ ಕಾಯೂ ದರವಾನರು, ಹಾಲು ಮಾರೂವರು ಅಲ್ಲೇ ಸೇರ್ತಾರ. ಅಲ್ಲಿಯ ಮಣ್ಣು ಕರೀದು, ಜಿಗಟು; ಸುಟ್ಟ ಭತ್ತದ ಹೊಟ್ಟಿನ ಬೂದಿ ಕೂಡಿಸಿ ಮೆತ್ತಗ ಮಾಡ್ತಾರ. ಕುಸ್ತಿ ಆಡಿ ಎದ್ದ್ರ ಎಲ್ಲಾರೂ ಬೈರಾಗಿಗಳಂಗ ಕಾಣಸ್ತಾರ. ಫಕ್ಕೀರಪ್ಪ ಅವರ ಉಸ್ತಾದ. ಹಲಗಿ ಮ್ಯಾಲ ಕೂತು ಬಾಯಿಲೆನ ಕಲಸ್ತಾನ. "ಸೊಂಟಾ ಕೆಳಗ. ಎಡಗಾಲು ಒಳಗ. ಈಗ ತಿರುಗು." ಕೈ ಹೋದವ ಒಂದು ದಿನಾನೂ ಕುಸ್ತಿ ಬಿಟ್ಟಿರಲಿಲ್ಲ. ಎರಡೂ ಕೈ ನೆಟ್ಟಗಿದ್ದ ನಾ ಬಿಟ್ಟಿದ್ದೆ. ನನಗ ನಾಚಿಕಿ ಆತು.

ಮೊದಲನೇ ಮುಂಜಾನಿ ಹನ್ನೊಂದು ದಂಡಾ ಹೊಡದೆ. ಹನ್ನೆರಡನೇದಕ್ಕ ತೋಳು ನಡಗಿ ಮೋತಿ ಮ್ಯಾಲ ಬಿದ್ದೆ, ಬಾಯಾಗ ಬೂದಿ ಹೋತು. ಒಂದು ಕಾಲಕ್ಕ ಐನೂರು ಹೊಡೀತಿದ್ದೆ ಅಂತ ಯಾರಿಗೆ ಹೇಳೂದು? ಮರುದಿನಾ ಮೆಟ್ಟಲಾ ಇಳಿಯಾಕ ಬರವಲ್ದು, ಕೂತು ಕೂತು ಜಾರಕೋತ ಇಳದೆ. ಮಾ ಸೇನ್ ಚುಟ್ಟಾ ಬಾಯಿಂದ ತಗದು ನಕ್ಕಳು. ಫಕ್ಕೀರಪ್ಪ ನಗಲಿಲ್ಲ. ಎಡಗೈಯಾಗ ಬಿಸಿ ಎಣ್ಣಿ ಹಿಡಕೊಂಡು ನನ್ನ ತೊಡಿ, ಮೀನಖಂಡ ತಿಕ್ಕಿದ. ಹಳೇ ಜೋಡಿಯ ಕೈ. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಅಂತ ಅವಗ ಇನ್ನೂ ನೆನಪಿತ್ತು. ನಾ ಮಕಾಡೆ ಮಲಗಿ ಅಳ್ತಿದ್ದೆ, ನೋವಿಗೆ ಅಳಾಕತ್ತಾನ ಅಂತ ಅವ ತಿಳದ.

ಆರನೇ ದಿನಕ್ಕ ಎಂಬತ್ತು ದಂಡಾ ಆತು. ಮಣ್ಣು ಮಾಳಿಗಿ ಮ್ಯಾಲ ಮೊರದಾಗ ಒಣಗಾಕತ್ತಿತ್ತು. ಆ ಊರಿನ ಗಾಳ್ಯಾಗ ಅರಿವೀನ ಲಗೂ ಒಣಗೂದಿಲ್ಲ, ಮಣ್ಣು ಎಲ್ಲಿಂದ ಒಣಗಬೇಕು. ದಿನಾ ಸಂಜಿಕ ಅವ ಎಡಗೈಲೆ ಕಲಕಿ, ಮುಟ್ಟಿ ನೋಡಿ, "ಇನ್ನ ನಾಕು ದಿನಾ" ಅಂತಿದ್ದ.

ಆ ಅಖಾಡದಾಗ ಒಂದು ವಿಚಿತ್ರ ನೋಡಿದೆ. ಸಲಾಮಿಗಿಂತ ಮೊದಲು ಮಣ್ಣಿಗೆ ಬಗ್ಗುವಾಗ ಎಲ್ಲಾರೂ ಬಲಗೈ ಬೆನ್ನ ಹಿಂದ ಇಟ್ಟುಕೋತಿದ್ರು. ಎಡಗೈಲೆ ಮಣ್ಣು ತಗೊಂಡು, ಹಣಿಗೆ ಹಚ್ಚಿ, ನೆಟ್ಟಗ ನಿಂತು, ಆಮ್ಯಾಲ ಬಲಗೈ ಮುಂದ. ನಮ್ಮ ಕಡೆ ಎಡಗೈಲೆ ಮಣ್ಣು ಮುಟ್ಟಿದ್ರ ವಸ್ತಾದರು ಕಪಾಳಕ್ಕ ಬಾರಸ್ತಾರ. ಪೂರಬದವರ ಪದ್ಧತಿ ಇರಬೇಕು ಅಂತ ತಿಳದೆ. ಒಬ್ಬ ಹಾಲಿನವನ್ನ ಕೇಳಿದ್ರ, "ಇದು ನಮ್ಮ ಊರಿಂದಲ್ಲ, ಉಸ್ತಾದರು ಹಾಕಿದ್ದು" ಅಂದ.

ಸಂಜಿಕ ಫಕ್ಕೀರಪ್ಪನ್ನ ಕೇಳಿದೆ.

"ಅದಾ?" ಅಂದ. "ನನ್ನ ತಪ್ಪಿನಿಂದ ಕಲತದ್ದು. ಅವತ್ತ ನಾ ಬಗ್ಗಿದಾಗ ನಿನ್ನ ಕಡೆ ಬಲಗೈ ಚಾಚಿರಬೇಕು, ನೀ ಸಲಾಮಿ ಅಂತ ತಿಳದಿ. ನನಗ ಸರಿಯಾಗಿ ನೆನಪ ಇಲ್ಲ, ಆದ್ರ ಚಾಚದನ ನೀ ಯಾಕ ಬರ್ತಿ? ಬಾಳ ಸಲ ವಿಚಾರ ಮಾಡೇನಿ. ನಂದ ಗಲತಿ. ಇವರಿಗೆ ಹಂಗ ಆಗಬಾರದು."

ಅವ ಮೊರದಾಗಿನ ಹೆಂಟಿ ಒಡಕೋತ ಕೂತ. ಅವತ್ತ ಆಸ್ಪತ್ರ್ಯಾಗ "ಕೈ ಕೊಟ್ಟಿದ್ದೆ" ಅಂತ ಅವ ಹೇಳಿದ್ದು ನನ್ನನ್ನ ಉಳಸಾಕ ಅಂತ ನಾ ಇಷ್ಟು ವರ್ಷ ತಿಳದಿದ್ದೆ. ಅವ ಖರೇನ ನಂಬಿದ್ದ.

ಕಡೀ ಮುಂಜಾನಿ

ಹನ್ನೆರಡನೇ ದಿನಾ ಮಣ್ಣು ಒಣಗಿತು. ಹಿಂದಿನ ದಿನಾ ನಾ ಒಬ್ಬ ಹಾಲಿನವನ ಜೋಡಿ ಕುಸ್ತಿ ಹಿಡದಿದ್ದೆ. ಮೂರು ಸಲ ಬಿದ್ದೆ, ನಾಕನೇದಕ್ಕ ಅವನ ಬೆನ್ನು ನೆಲಕ್ಕ ಹಚ್ಚಿದೆ. ಫಕ್ಕೀರಪ್ಪ ಹಲಗಿ ಮ್ಯಾಲಿಂದ ಎದ್ದು ನಿಂತಿದ್ದ. "ಮೈ ಮರತಿಲ್ಲ ನೋಡು, ಮೈ ಮರತಿಲ್ಲ" ಅಂತ ಮನಿ ತನಕ ಹೇಳಕೋತ ಬಂದ. ನಾನೂ ಸಣ್ಣ ಹುಡುಗನಂಗ ಖುಷಿ ಆಗಿದ್ದೆ. ಹದಿಮೂರು ವರ್ಷದಾಗ ಅಂಥಾ ಖುಷಿ ಆಗಿದ್ದಿಲ್ಲ.

ಮುಂಜಾನಿ ಸ್ನಾನಾ ಮಾಡಿ ಲಂಗೋಟಿ ಕಟ್ಟಿ ಕಣದ ದಂಡ್ಯಾಗ ನಿಂತೆ. ದರವಾನರು ಎಲ್ಲಾರೂ ಸುತ್ತ ನಿಂತಿದ್ರು, ಅವರಿಗೂ ಅದು ಹಬ್ಬ. ಮಾ ಸೇನ್ ಬಾಳಿಹಣ್ಣು, ಹೂವು ತಂದಿದ್ದಳು. ಫಕ್ಕೀರಪ್ಪ ನಮ್ಮ ತಾಲೀಮಿನ ಕೆಂಪು ಮಣ್ಣು ಎಡಗೈಯಾಗ ತಗೊಂಡು ನನ್ನ ಎದುರು ಬಂದ. ಅರ್ಧ ಮಣ್ಣು ಬಲಗೈಯಾಗ ಹಾಕಿಕೊಂಡ. ಎರಡೂ ಕೈಲೆ ಹಚ್ಚಬೇಕಲ್ಲಾ. ಆಮ್ಯಾಲ ಎಡಗೈಲೆ ತನ್ನ ಬಲಗೈ ಮಣಿಕಟ್ಟು ಹಿಡದು, ಭಾರ ಎತ್ತಿದಂಗ ಸಾವಕಾಶ ಮ್ಯಾಲ ಎತ್ತಾಕತ್ತಿದ. ಎದೀ ಮಟಕ್ಕ ಬಂತು. ಹಣೀ ಮ್ಯಾಲ ಬೆವರು ಒಡೀತು. ನನ್ನ ಹೆಗಲಿಗೆ ಇನ್ನ ನಾಕು ಬೆರಳು ಉಳದಿತ್ತು.

ನಾ ಸುಮ್ಮನ ನಿಂತಿದ್ರ ಮುಗೀತಿತ್ತು. ಹುಬ್ಬಳ್ಳಿಗೆ ಬಂದು ಕಣಕ್ಕ ಇಳೀತಿದ್ದೆ, ಯಾರಿಗೂ ಏನೂ ತಿಳೀತಿದ್ದಿಲ್ಲ. ನಿಲ್ಲಾಕ ಆಗಲಿಲ್ಲ.

"ತಡಿ" ಅಂದೆ. "ನೀ ಕೈ ಚಾಚಿರಲಿಲ್ಲ."

ಅವನ ಕೈ ಅಲ್ಲೇ ನಿಂತಿತು.

"ನಿನ್ನ ಕೈ ಮಣ್ಣಾಗ ಇತ್ತು. ನಾ ಕಂಡಿದ್ದೆ. ಕಂಡ ನುಗ್ಗಿದೆ. ಮೀರಜಕ್ಕ ನಾನ ಹೋಗಬೇಕು ಅಂತಿತ್ತು ನನಗ."

"ಚಾಚಿರಲಿಲ್ಲ?" ಅಂದ.

"ಇಲ್ಲ."

"ಖರೇ ಹೇಳು, ರುದ್ರಾ."

"ನಿಂದೇನೂ ತಪ್ಪಿರಲಿಲ್ಲ, ಫಕ್ಕೀರಾ. ಎಳ್ಳಷ್ಟೂ ಇರಲಿಲ್ಲ."

ಕೈ ಕೆಳಗಿಳಿಸಿದ. ಕೆಂಪು ಮಣ್ಣು ಬೆರಳಿನ ಸಂದಿಯಿಂದ ಕರೀ ಮಣ್ಣಿನ ಮ್ಯಾಲ ಬಿತ್ತು. ಕಣದ ಕಟ್ಟಿ ಮ್ಯಾಲ ಹೋಗಿ ಕೂತ. ಕನ್ನಡ ತಿಳೀದ ದರವಾನರು ಒಬ್ಬರ ಮೋತಿ ಒಬ್ಬರು ನೋಡಾಕತ್ರು. ತಿಳದಾಕಿ ಮಾ ಸೇನ್ ಒಬ್ಬಾಕೀನ. ಹೂವಿನ ತಾಟು ಹಿಡದು ನಿಂತಲ್ಲೇ ನಿಂತಳು.

"ಹನ್ನೆರಡು ವರ್ಷದಿಂದ ಇವರ ಕೈ ಹಿಂದ ಇಡಿಸೇನಿ" ಅಂದ ಫಕ್ಕೀರಪ್ಪ. ನನಗ ಹೇಳಿದ್ನೋ, ತನಗ ಹೇಳಿಕೊಂಡ್ನೋ. ಆಮ್ಯಾಲ ನನ್ನ ಕಡೆ ನೋಡಿದ. "ನಾ ಹಚ್ಚೂದಿಲ್ಲ, ರುದ್ರಾ. ಅವತ್ತ ಆಸ್ಪತ್ರ್ಯಾಗ ಬಂದು ಹೇಳಿದ್ರ ಎಡಗೈಲೆನರ ಹಚ್ಚಿ ಕಳಸ್ತಿದ್ದೆ. ಈಗ ಆಗೂದಿಲ್ಲ. ಸಿಟ್ಟಿಲ್ಲ ನನಗ. ಆಗೂದಿಲ್ಲ, ಅಷ್ಟ."

ಹೂಂ ಅಂದೆ. ಲಂಗೋಟಿ ಮ್ಯಾಲ ಧೋತರಾ ಸುತ್ತಿಕೊಂಡೆ. ಮಧ್ಯಾಹ್ನ ಊಟಕ್ಕ ಕರದು ಕೂಡಿಸಿದ, ತನ್ನ ತಾಟಿನ ಬಾಜೂಕನ ಕೂಡಿಸಿದ. ಮಾ ಸೇನ್ ರೊಟ್ಟಿ ಹಾಕಿದಳು. ಆದ್ರ "ಉಣ್ರಿ" ಅನ್ನಲಿಲ್ಲ.

ತಿರುಗಿ 

ಎರಡು ದಿನದ ಮ್ಯಾಲ ಹಡಗು. ಧಕ್ಕಿಗೆ ಫಕ್ಕೀರಪ್ಪ ಬಂದಿದ್ದ, ರೊಟ್ಟಿ ಗಂಟು ತಂದಿದ್ದ. ಬಿಸಲಾಗ ಇಬ್ಬರೂ ನಿಂತಿದ್ವಿ.

"ನಿನ್ನೆ ಅವರಿಗೆಲ್ಲಾ ಹೇಳಿದೆ" ಅಂದ. "ಇನ್ನ ಕೈ ಹಿಂದ ಇಡೂದು ಬ್ಯಾಡ, ಬಲಗೈಲೆನ ಮಣ್ಣು ತಗೋರಿ ಅಂತ. ಇವತ್ತ ನೋಡಿದ್ರ ಮತ್ತ ಹಂಗ ಮಾಡಾಕತ್ತಾರ. ರೂಢಿ ಬಿದ್ದೈತಿ, ಬಿಡವಲ್ರು."

"ನನ್ನ ಮಾಫ ಮಾಡು" ಅಂದೆ. ಹದಿಮೂರು ವರ್ಷದಾಗ ಅದೊಂದು ಮಾತು ನಾ ಅಂದಿರಲಿಲ್ಲ.

"ಮನ್ಯಾಗ ದಂಡಾ ಹೊಡಿ, ಬಿಡಬ್ಯಾಡ" ಅಂದ. "ಹೊಟ್ಟಿ ಇಳೀತೈತಿ." ಎಡಗೈಲೆ ನನ್ನ ಕುತಿಗಿ ಹಿಡದು ಒಮ್ಮೆ ಜಗ್ಗಿ, ತಿರುಗಿ ನೋಡದ ಹೋದ.

ಬರೂ ಹಡಗದಾಗ ನನಗ ವಾಂತಿ ಆಗಲಿಲ್ಲ. ಮೂಸಾಕ ಚೀಲಾ ಇರಲಿಲ್ಲ, ಬೇಕೂ ಅನಸಲಿಲ್ಲ. ನಾಕೂ ದಿನಾ ಮಲಗೇ ಇದ್ದೆ. ಮದ್ರಾಸ, ಗುಂತಕಲ್ಲು, ಗದಗು, ಎಲ್ಲಾ ದಾಟಿ ಹುಬ್ಬಳ್ಳ್ಯಾಗ ಇಳದವ ಧಾರವಾಡಕ್ಕ ಹೋಗಲಿಲ್ಲ, ನೆಟ್ಟಗ ತಾಲೀಮಿಗೆ ಹೋದೆ. ನಸುಕು ಹರದು ಹುಡುಗರು ಕಣಕ್ಕ ನೀರು ಹೊಡದು ಮಣ್ಣು ಅಗೀತಿದ್ರು. ವಸ್ತಾದರು ಗೋಡಿಗೆ ಆನಿಸಿ ಕೂತಿದ್ರು. ಕಾಲು ಮುಟ್ಟಿದೆ.

"ಹಚ್ಚಿದನೇನು?" ಅಂದ್ರು.

"ಇಲ್ರಿ."

ಯಾಕ ಅಂತ ಕೇಳ್ತಾರ, ಏನ ಹೇಳಲಿ ಅಂತ ಗಾಡ್ಯಾಗ ಕೂತು ಜೋಡಿಸಿಕೊಂಡು ಬಂದಿದ್ದೆ. ಅವರು ಯಾಕ ಅಂತ ಕೇಳಲಿಲ್ಲ. ಕಣ್ಣು ಹುಡುಗರ ಮ್ಯಾಲ ಇತ್ತು.

"ಹಂಗಾರ ಹೇಳಿದಿ ಅವಗ" ಅಂದ್ರು.

ಏನು ಹೇಳೂದಿತ್ತು ಅಂತ ನಾ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಅವತ್ತ ನಾ ನುಗ್ಗಿದಾಗ ಕಣದ ಕಟ್ಟಿ ಮ್ಯಾಲ, ನಮ್ಮಿಂದ ಮೂರು ಮಾರು ದೂರ ಕೂತಿದ್ದವರು ಅವರ. ಅವರೂ ಕಂಡಿದ್ರು. ಕಂಡು, ಇವ ಬಂದು ತಾನ ಹೇಳ್ತಾನ ಅಂತ ಹದಿಮೂರು ವರ್ಷ ಕಾದಿದ್ರು; ಅಷ್ಟೂ ವರ್ಷ ಆ ಕೈ ಮುರದವ ಅಲ್ಲೆ ರಂಗೂನದಾಗ ತನ್ನದ ತಪ್ಪು ಅಂತ ತಿಳಕೊಂಡು ಕೂತಿದ್ದ.

"ಹೇಳಿದೆರಿ" ಅಂದೆ.

"ತಡಾ ಆತು" ಅಂದ್ರು ವಸ್ತಾದರು. "ನಿಂದೂ, ನಂದೂ."

ಮುದುಕನ ಕಣ್ಣಾಗ ನೀರು ಬಂದಿತ್ತು. ನಾ ಮತ್ತ ಕಾಲು ಮುಟ್ಟಿ, ಕಣದ ಕಡೆ ನೋಡದ ಹೊರಗ ಬಂದೆ. ಧಾರವಾಡ ಗಾಡಿಗೆ ಇನ್ನ ಎರಡು ತಾಸು ಇತ್ತು; ಸ್ಟೇಶನ್ನಿಗೆ ನಡಕೋತನ ಹೋದೆ.